ದಿವ್ಯಾಳ ಸೀಟು, ನಮ್ಮ ಎರಡು ಕಾರು

ಮೇ 6, ಮಂಗಳವಾರ

ಓಮ್ನಿ ಇವತ್ತೂ ಸ್ಟಾರ್ಟ್ ಆಗಲಿಲ್ಲ. ಇವರು ಮಾರುತಿ ತೆಗೆದುಕೊಂಡು ಜಾವಗಲ್ ಬ್ಯಾಂಕಿಗೆ ಹೋದರು. ನಾನು ಬಸ್ಸಿನಲ್ಲಿ ಗಂಡಸಿ ಊರಿನ ಆಸ್ಪತ್ರೆಗೆ... ಡ್ಯೂಟಿಗೆ ಲೇಟು. ಇಂಜೆಕ್ಷನ್ ರೂಮಿನ ಮುಂದೆ ಆಗಲೇ ಕ್ಯೂ. ‘ಸಿಸ್ಟರ್, ಎರಡು ಕಾರಿದ್ರೂ ಬಸ್ಸಾ?’ ಎಂದು ಬಸ್ಸಿನಲ್ಲೇ ಕಂಡಕ್ಟರ್ ನಕ್ಕಿದ್ದ.

ಮಾರುತಿ ಎಂಟುನೂರು ಮಾವ ಹೆಡ್‌ಮಾಸ್ಟರ್ ಆಗಿದ್ದಾಗ ಕೊಂಡದ್ದು. ಅರಸೀಕೆರೆಯ ನಮ್ಮ ಬೀದಿಗೆ ಅದೇ ಮೊದಲ ಕಾರು. ಓಮ್ನಿ, ದಿವ್ಯಾ ಹುಟ್ಟಿದ ವರ್ಷದ್ದು. ಒಂದನ್ನು ಮಾರುವ ಮಾತೆತ್ತಿದರೆ ಮಾವ ಊಟ ಬಿಡುತ್ತಾರೆ, ಇನ್ನೊಂದಕ್ಕೆ ಮಗಳು.

ನೀಟ್ ಭಾನುವಾರ ಮುಗಿಯಿತು. ಹೇಗಾಯಿತೆಂದು ದಿವ್ಯಾ ಹೇಳಿಲ್ಲ. ನಾನು ಕೇಳಿಲ್ಲ. ಸಂಜೆ ತಾತನನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾರುತಿಯಲ್ಲಿ ಒಂದು ರೌಂಡ್ ಹೋಗಿ ಬಂದಳು. ಡಿಎಲ್ ಕೈಗೆ ಬಂದಾಗಿನಿಂದ ಇದೇ ಹುಚ್ಚು.

ಮೇ 12, ಸೋಮವಾರ

ಬುದ್ಧ ಪೂರ್ಣಿಮೆ. ಪಾಯಸ. ಬೇಲೂರಿನಿಂದ ತಂಗಿ ಮಂಜುಳಾ ಬಂದಿದ್ದಳು. ಬಂದವರಿಗೆಲ್ಲ ಮಾವ ತಮ್ಮ ಹೆಸರು ಹಿಡಿದು ಹೇಳುವುದು ಒಂದೇ ಮಾತು: ‘ಹನುಮಯ್ಯನ ಮನೆಗೆ ಡಾಕ್ಟರ್ ಬತ್ತಾವ್ಳೆ, ನೋಡ್ತಿರ್ರಿ.’

ದಿವ್ಯಾ ಲೋಟ ತೊಳೆಯುವ ನೆಪ ಮಾಡಿ ಒಳಗೆ ಹೋದಳು. ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಮೇ 25, ಭಾನುವಾರ

ಸಿಇಟಿ ರ‍್ಯಾಂಕ್ ನಿನ್ನೆ ಬಂತು. ಅಗ್ರಿಗೆ, ಅಂದರೆ ಕೃಷಿ ಬಿಎಸ್ಸಿಗೆ, ಒಳ್ಳೆಯ ರ‍್ಯಾಂಕ್. ನೋಡಿದಾಗ ಅವಳ ಮುಖದಲ್ಲಿ ಬೆಳಕು ಬಂದು ಹೋಯಿತು... ನಾನು ನೋಡಿದೆ. ಇವರು ನೋಡಲಿಲ್ಲ. ‘ಅದು ಸೈಡಿಗಿರ್ಲಿ. ನೀಟ್ ಬರ್ಲಿ. ಆಗ್ದಿದ್ರೆ ಲಾಂಗ್ ಟರ್ಮ್ ಕೋಚಿಂಗ್ ಇದ್ದೇ ಇದೆ’ ಎಂದರು. ಇನ್ನೊಂದು ವರ್ಷ ಹಾಸ್ಟೆಲಿನಲ್ಲಿ ಅದೇ ಫಿಸಿಕ್ಸ್, ಅದೇ ಕೆಮಿಸ್ಟ್ರಿ.

ಬೆಳಕು ಹೋದದ್ದು ಆಗ.

ಮೆಕ್ಯಾನಿಕ್ ಲಕ್ಷ್ಮೀಶ ಓಮ್ನಿಯ ಬ್ಯಾಟರಿ ಚಾರ್ಜ್ ಮಾಡಿ ಕೊಟ್ಟ. ಎಷ್ಟು ದಿನವೋ. ಮಾರುತಿಯ ರೇಡಿಯೇಟರ್ ನೀರು ಕುಡಿಯುತ್ತಿದೆ, ಹೋಸ್ ಹಳೆಯದಾಗಿದೆ, ಹೊಸದು ತರಿಸಬೇಕಂತೆ.

ಜೂನ್ 14, ಶನಿವಾರ

ರಿಸಲ್ಟ್ ಬಂತು.

ಜೂನ್ 16, ಸೋಮವಾರ

ಶನಿವಾರದ್ದು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಕೈ ಬರಲಿಲ್ಲ.

ಎರಡನೇ ಶನಿವಾರ, ಇವರಿಗೆ ರಜ. ನನಗೂ ಆಫ್. ಊಟಕ್ಕೆ ಮೊದಲು ದಿವ್ಯಾ ಅಡುಗೆಮನೆಗೆ ಬಂದು ಫೋನನ್ನು ನನ್ನ ಕೈಗಿಟ್ಟಳು. ಮಾರ್ಕ್ಸ್ ನೋಡಿದೆ. ಮೆಡಿಕಲ್ ಸೀಟಿನ ಹತ್ತಿರಕ್ಕೂ ಹೋಗುವುದಿಲ್ಲ.

‘ಪಪ್ಪಂಗೆ ನೀನೇ ಹೇಳಮ್ಮ’ ಎಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಹೇಳಿದೆ. ಇವರು ‘ಸೋಮವಾರಾನೇ ಲಾಂಗ್ ಟರ್ಮ್‌ಗೆ ಸೇರಿಸೋಣ’ ಎಂದರು. ಗಟ್ಟಿಯಾಗಿಯೇ ಎಂದರು. ಪಕ್ಕದ ಕೋಣೆಯಲ್ಲಿ ಅವಳಿದ್ದಳು. ಮಾವ ಎದ್ದು ಹೋಗಿ ಮಲಗಿದರು. ಮಾರುತಿ ಹೊರಟ ಸದ್ದು ಕೇಳಿಸಿತು. ದಿವ್ಯಾ ಟೈರಿಗೆ ಗಾಳಿ ತುಂಬಿಸಲು ಹೋಗಿರಬೇಕು ಅಂದುಕೊಂಡೆ.

ಬರಲಿಲ್ಲ. ಫೋನ್ ಮಾಡಿದೆ... ಸ್ವಿಚ್ಡ್ ಆಫ್. ಸ್ನೇಹಿತೆಯರ ಮನೆಗಳಿಗೆ ಮಾಡಿದೆ. ಬೇಲೂರಿಗೆ ಮಾಡಿದೆ. ‘ಇಲ್ಲಿಗ್ ಬಂದಿಲ್ಲ ಕಣೇ. ಯಾಕೆ, ಏನಾಯ್ತು?’ ಎಂದಳು ಮಂಜುಳಾ. ಏನೂ ಇಲ್ಲ ಎಂದೆ.

ರಿಸಲ್ಟ್ ಬರುವ ವಾರಗಳಲ್ಲಿ ಡ್ಯೂಟಿ ಮಾಡಿದವಳು ನಾನು. ಆ ವಾರಗಳಲ್ಲಿ ಎಂಥ ಮಕ್ಕಳನ್ನು ಹೊತ್ತು ತರುತ್ತಾರೆ, ಬಾಗಿಲ ಬಳಿ ಅವರ ತಾಯಂದಿರು ಹೇಗೆ ನಿಂತಿರುತ್ತಾರೆ, ನೋಡಿದ್ದೇನೆ. ಆ ಮಾತನ್ನು ನಾನು ಬಾಯಿಗೆ ತರಲಿಲ್ಲ. ಇವರೂ ತರಲಿಲ್ಲ. ಇವರು ಓಮ್ನಿಯ ಕೀ ತೆಗೆದುಕೊಂಡು ಹೊರಟರು.

ಓಮ್ನಿ ಸ್ಟಾರ್ಟ್ ಆಗಲಿಲ್ಲ.

ಪಕ್ಕದ ಮನೆಯ ಕೊಬ್ಬರಿ ವ್ಯಾಪಾರದ ಜಯದೇವಪ್ಪನವರು ಬಂದು ತಳ್ಳಿದರು. ನಾನೂ ತಳ್ಳಿದೆ, ಕಾಲಲ್ಲಿ ಚಪ್ಪಲಿ ಇರಲಿಲ್ಲ. ತಳ್ಳುತ್ತಲೇ ಕೇಳಿದರು: ‘ರಿಸಲ್ಟ್ ಬಂತಂತಲ್ಲ, ಹೆಂಗಾಯ್ತು ಮಗೂದು?’ ನಾನು ಇನ್ನೂ ಜೋರಾಗಿ ತಳ್ಳಿದೆ. ಮುಖ ನೋಡಿದರು. ಮತ್ತೆ ಕೇಳಲಿಲ್ಲ. ಇಳಿಜಾರಿನ ಕೊನೆಯಲ್ಲಿ ಎಂಜಿನ್ ಹಿಡಿಯಿತು.

ಗ್ಯಾರೇಜಿನ ಹತ್ತಿರ ಲಕ್ಷ್ಮೀಶ ಸಿಕ್ಕ. ‘ಬಾಣಾವರದ ಕಡೆ ಹೋಯ್ತಲ್ಲಕ್ಕ. ನೀರ್ ನೋಡ್ಕೊಂಡು ಓಡ್ಸಮ್ಮ ಅಂದೆ. ತಲೆ ಆಡ್ಸಿ ಹೋಯ್ತು.’

ಬಾಣಾವರ. ಜಾವಗಲ್. ಬಿಳಿ ಕಾರು ಕಂಡಲ್ಲೆಲ್ಲ ಇವರು ಬ್ರೇಕ್ ಒತ್ತುತ್ತಿದ್ದರು. ಎಂಜಿನ್ ಆಫ್ ಮಾಡುವಂತಿಲ್ಲ, ಮತ್ತೆ ತಳ್ಳುವವರು ಯಾರು? ಜಾವಗಲ್ಲಿನ ಪೆಟ್ರೋಲ್ ಬಂಕಿನಲ್ಲಿ ನಾನೊಬ್ಬಳೇ ಇಳಿದು ವಿಚಾರಿಸಿದೆ. ಹುಡುಗಿಯೊಬ್ಬಳು ಹಳೇಬೀಡಿನ ದಾರಿ ಹಿಡಿದದ್ದನ್ನು ನೋಡಿದ್ದರು.

ಹಳೇಬೀಡಿನ ಕೆರೆಯ ಹತ್ತಿರ ಇವರು ಗಾಡಿ ನಿಧಾನ ಮಾಡಿದರು. ಏರಿಯ ಉದ್ದಕ್ಕೂ ನೋಡಿದೆವು. ಒಬ್ಬ ಎಮ್ಮೆಯ ಮೈ ತೊಳೆಯುತ್ತಿದ್ದ. ನೀರು ಸುಮ್ಮನಿತ್ತು. ‘ಮಾಲಿನಿ, ನಾನು ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು’ ಎಂದರು. ‘ಮುಂದೆ ನೋಡ್ಕೊಂಡು ಓಡಿಸ್ರಿ’ ಎಂದೆ. ಅಷ್ಟೇ ಮಾತು.

ಬಸ್ತಿಹಳ್ಳಿಯಲ್ಲಿ, ಬಸದಿಗಳನ್ನು ದಾಟಿದ ಮೇಲೆ, ಹೊಂಗೆ ಮರದ ಕೆಳಗೆ ನಮ್ಮ ಮಾರುತಿ. ಬಾನೆಟ್ ಮೇಲೆದ್ದಿತ್ತು. ಒಳಗೆ ಯಾರೂ ಇಲ್ಲ. ಸೀಟಿನ ಮೇಲೆ ಅವಳ ದುಪಟ್ಟಾ.

ಆ ಒಂದು ಗಳಿಗೆಯನ್ನು ಬರೆಯುವುದಿಲ್ಲ.

ಆಮೇಲೆ ಬೇಲಿಯ ಸಂದಿನಿಂದ ಬಂದಳು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್, ಇನ್ನೊಂದರಲ್ಲಿ ಕಡಲೆಕಾಯಿ. ಹಿಂದೆ ಒಬ್ಬ ಮುದುಕಿ. ‘ಅಮ್ಮ? ಇಬ್ರೂ ಬಂದ್ಬಿಟ್ರಾ? ನಾನಿಲ್ಲಿರೋದು ಹೆಂಗ್ ಗೊತ್ತಾಯ್ತು?’

ಬಕೆಟ್ ಇಸಿದುಕೊಂಡೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಇವರು ಓಮ್ನಿಯ ಹಿಂದಕ್ಕೆ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಬಹಳ ಹೊತ್ತು ನಿಂತರು.

ಮುದುಕಿಯ ಹೆಸರು ಲಕ್ಕಮ್ಮ. ‘ನಿಮ್ ಮಗಳಾ? ಆವಾಗ್ಲಿಂದ ನೀರ್ ಹೊರ್ತಾವ್ಳೆ ಕಣವ್ವ. ಹುಯ್ದಷ್ಟೂ ಕುಡೀತೈತೆ ಆ ಕಾರು. ಹೊಟ್ಟೆಗ್ ತಿಂದಿಲ್ಲ ಅಂದ್ಲು, ಅದ್ಕೆ ಕಳ್ಳೇಕಾಯ್ ಕೊಟ್ಟೆ.’

ಹೋಸ್ ಒಡೆದಿತ್ತು. ಅಷ್ಟೇ. ಹೋಸ್!

‘ಫೋನ್ ಯಾಕೆ ಆಫ್?’ ಎಂದೆ. ‘ಎಲ್ರೂ ಎಷ್ಟ್ ಬಂತು, ಎಷ್ಟ್ ಬಂತು ಅಂತಾರೆ ಅಮ್ಮ. ಆಫ್ ಮಾಡಿ ಸೀಟಿನ ಕೆಳಗೆ ಎಸ್ದೆ. ಒಂದು ರೌಂಡ್ ಹೋಗಿ ವಾಪಸ್ ಬರೋಣ ಅಂತಿದ್ದೆ. ಕಾರು ಇಲ್ಲಿ ಕೈ ಕೊಡ್ತು.’

ಲಕ್ಕಮ್ಮ ದನ ಕಟ್ಟುವ ಹಗ್ಗ ಕೊಟ್ಟಳು. ಓಮ್ನಿ ಮುಂದೆ, ಮಾರುತಿ ಹಿಂದೆ. ಇವರು ಎಳೆದರು. ಹಿಂದೆ ಸ್ಟೀರಿಂಗ್ ಹಿಡಿದವಳು ದಿವ್ಯಾ, ಪಕ್ಕದಲ್ಲಿ ನಾನು. ಎಂಜಿನ್ ಸದ್ದಿಲ್ಲದ ಕಾರು. ಟೈರಿನ ಸದ್ದು ಮಾತ್ರ. ಕೆರೆ ಬಂತು.

‘ಬರೋವಾಗ ಇಲ್ಲಿ ನಿಲ್ಲಿಸಿದ್ರಾ?’ ರಸ್ತೆ ನೋಡುತ್ತಲೇ ಕೇಳಿದಳು.

‘ನಿಧಾನ ಮಾಡಿದ್ವಿ.’

ಕೆರೆ ಹಿಂದಾದ ಮೇಲೆ ಹೇಳಿದಳು: ‘ನಾನು ಹಂಗೆಲ್ಲ ಮಾಡ್ಕೊಳಲ್ಲಮ್ಮ.’

‘ಗೊತ್ತು.’

‘ಗೊತ್ತಿದ್ಮೇಲೆ ಯಾಕೆ?’

‘ಗೊತ್ತಿದ್ರೂನೂ ಕಣೇ.’

ಆಗ ಅತ್ತಳು. ಹಗ್ಗ ಸಡಿಲವಾಗದಂತೆ ಬ್ರೇಕ್ ನೋಡಿಕೊಳ್ಳುತ್ತಲೇ ಅತ್ತಳು. ನಾನು ಅವಳ ಮೂಗು ಒರೆಸಿದೆ, ಚಿಕ್ಕವಳಿದ್ದಾಗಿನ ಹಾಗೆ. ಜಾವಗಲ್ ಹತ್ತಿರವಾದಾಗ ಹೇಳಿದಳು: ‘ಲಾಂಗ್ ಟರ್ಮ್ ಬೇಡಮ್ಮ. ಅಗ್ರಿ ಓದ್ತೀನಿ. ನೀಟ್ ಬಂದಿದ್ರೂ ಅದನ್ನೇ ಕೇಳ್ತಿದ್ದೆ. ಬಂದಿದ್ರೆ ನೀವು ಕೇಳಿಸ್ಕೋತಾನೇ ಇರ್ಲಿಲ್ಲ.’

ಮಾರುತಿಯನ್ನು ಜಾವಗಲ್ ಗ್ಯಾರೇಜಿನಲ್ಲಿ ಬಿಟ್ಟು ಮೂವರೂ ಓಮ್ನಿಯಲ್ಲಿ ಬಂದೆವು. ಮಾವ ಗೇಟಿನಲ್ಲಿ ನಿಂತಿದ್ದರು. ಅವಳ ತಲೆ ಸವರಿ, ‘ಊಟ ಮಾಡು, ಹೋಗು’ ಎಂದರು.

ಜೂನ್ 18, ಬುಧವಾರ

ಡ್ಯೂಟಿಯಿಂದ ಬಂದು ಕೈಕಾಲು ತೊಳೆಯುವ ಮೊದಲು ಅವಳ ಕೋಣೆ ನೋಡುತ್ತೇನೆ. ಇದ್ದಾಳೆ. ಮಲಗಿ ಮೊಬೈಲ್ ನೋಡುತ್ತಿದ್ದಾಳೆ. ಬೈಯಬೇಕು ಅನ್ನಿಸುತ್ತದೆ... ಬೈಯುವುದಿಲ್ಲ.

ಇವರು ಕೋಚಿಂಗಿನವರಿಗೆ ಫೋನ್ ಮಾಡಿ ಬೇಡ ಎಂದರಂತೆ. ನನಗೆ ಹೇಳಲಿಲ್ಲ. ಮಂಜುಳಾಗೆ ಹೇಳಿದ್ದಾರೆ.

ಜೂನ್ 22, ಭಾನುವಾರ

ಮಾವನಿಗೆ ತಿಳಿಸುವುದೇ ಕಷ್ಟವಾಗಿತ್ತು. ಡಾಕ್ಟರ್ ಆಗುವುದಿಲ್ಲವೆಂಬುದನ್ನು ನುಂಗಿಕೊಂಡಿದ್ದರು. ವ್ಯವಸಾಯ ಎಂಬ ಮಾತನ್ನು ನುಂಗಲಿಲ್ಲ.

‘ನಮ್ಮವ್ವ ಕಣಕಟ್ಟೇಲಿ ಇನ್ನೊಬ್ಬರ ತೋಟದಲ್ಲಿ ಬಗ್ಗಿ ಬಗ್ಗಿ ಬೆನ್ನು ನೆಟ್ಟಗಾಗ್ದೇ ಹೋದ್ಲು. ಸ್ಲೇಟ್ ಹಿಡ್ಕೊಂಡು ಆ ಮಣ್ಣಿಂದ ಎದ್ದು ಬಂದೋನು ನಾನು. ನೀನು ಇಷ್ಟ್ ಓದಿ ವಾಪಸ್ ಅಲ್ಲಿಗೇ ಹೋಗ್ತೀಯಾ ಮಗ?’

ಇವರ ಹೆದರಿಕೆಯೂ ಇದೇ ಇತ್ತೆಂದು ನನಗೆ ಆಗ ಹೊಳೆಯಿತು. ಡಾಕ್ಟರ್ ಆಸೆ ಅದರ ಮೇಲಿನ ಹೊದಿಕೆ.

ದಿವ್ಯಾ ತಾತನ ಕಾಲ ಬಳಿ ಕೂತಳು. ‘ತೋಟದೋರು ಹೇಳಿದ್ದನ್ನ ಮುತ್ತಜ್ಜಿ ಮಾಡ್ಬೇಕಿತ್ತು ತಾತ. ಏನ್ ಮಾಡ್ಬೇಕು ಅಂತ ನಾನು ಹೇಳೋಳಾಗ್ತೀನಿ. ಎರಡೂ ಒಂದೇನಾ?’

ಮಾವ ಅವತ್ತು ಊಟ ಬಿಡಲಿಲ್ಲ.

ಜೂನ್ 29, ಭಾನುವಾರ

ಮಾರುತಿಗೆ ಹೊಸ ಹೋಸ್. ಓಮ್ನಿಗೆ ಹೊಸ ಬ್ಯಾಟರಿ.

ಬೆಳಿಗ್ಗೆ ಮಾವ ಇದ್ದಕ್ಕಿದ್ದಂತೆ ಪಂಚೆ ಉಟ್ಟು ಸಿದ್ಧರಾಗಿ, ‘ಕಣಕಟ್ಟೆಗೆ ಹೋಗೋಣ, ದಿವ್ಯಾ ಓಡಿಸ್ಲಿ’ ಎಂದರು. ನಾನೂ ಹಿಂದೆ ಕೂತೆ. ಮಾವನ ಅವ್ವ ದುಡಿದ ಆ ತೋಟ ಈಗ ರೇವಣಸಿದ್ದಪ್ಪನವರದು. ಮಾವನ ಹತ್ತಿರ ಓದಿದವರು. ‘ಬನ್ನಿ ಮೇಷ್ಟ್ರೇ’ ಎಂದು ಜಗಲಿಯ ಮೇಲೆ ಕುರ್ಚಿ ಹಾಕಿಸಿದರು. ಮಾವ ಸ್ವಲ್ಪ ಹೊತ್ತು ಕುರ್ಚಿಯನ್ನು ನೋಡಿದರು. ಆಮೇಲೆ ಕೂತರು. ಎಳನೀರು ಬಂತು.

ದಿವ್ಯಾ ಆಗಲೇ ತೋಟದೊಳಗೆ. ಒಣಗಿದ ತೆಂಗಿನ ಗರಿಯೊಂದನ್ನು ತಂದು ಕೆಳಗಿನ ಮೈ ತಿರುಗಿಸಿ ತೋರಿಸಿದಳು. ‘ಕಪ್ಪು ತಲೆ ಹುಳ ತಾನೇ ಇದು?’ ‘ಹೌದು ಕಣಮ್ಮ, ಎರಡು ವರ್ಷದಿಂದ ತಿಂತಾ ಐತೆ. ಏನ್ ಮಾಡೋದು ಹೇಳು.’ ‘ನಂಗಿನ್ನೂ ಗೊತ್ತಿಲ್ಲ ಅಂಕಲ್. ಓದ್ಕೊಂಡ್ ಬಂದು ಹೇಳ್ತೀನಿ’ ಎಂದಳು. ಅವರು ನಕ್ಕರು.

ಹಿಂತಿರುಗುವಾಗ ಮಾವ ಕಿಟಕಿಯ ಹೊರಗೆ ನೋಡುತ್ತಿದ್ದರು. ‘ಹಾಸನದ ಕಾಲೇಜು ಎಷ್ಟು ದೂರ?’ ಎಂದರು. ಅಷ್ಟು ಸಾಕಾಯಿತು ನನಗೆ.

ಜುಲೈ 20, ಭಾನುವಾರ

ಸಿಇಟಿ ಆಪ್ಷನ್ ಎಂಟ್ರಿ, ಕಾಲೇಜು ಆರಿಸುವ ದಿನ. ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್, ಸುತ್ತ ನಾಲ್ಕು ತಲೆ. ಓಟಿಪಿ ಇವರ ಫೋನಿಗೆ, ಪಾಸ್‌ವರ್ಡ್ ನನ್ನ ತಲೆಯಲ್ಲಿ, ನೆಟ್ ಜಯದೇವಪ್ಪನವರ ಮನೆಯದು. ಕೃಷಿಕರ ಕೋಟಾ ನಮಗಿಲ್ಲ... ನಮ್ಮ ಹೆಸರಿನಲ್ಲಿ ಜಮೀನಿದ್ದರೆ ತಾನೇ. ‘ಅದಿಲ್ದೇನೂ ಬರುತ್ತೆ’ ಎಂದು ದಿವ್ಯಾ ಹಾಸನವನ್ನು ಮೊದಲಿಗಿಟ್ಟಳು. ಸಬ್ಮಿಟ್ ಒತ್ತುವ ಮುಂಚೆ ಪಪ್ಪನ ಮುಖ ನೋಡಿದಳು.

‘ಒತ್ತಮ್ಮ’ ಎಂದರು ಇವರು. ಮೆತ್ತಗೆ ಎಂದರು.

ಆಗಸ್ಟ್ 3, ಭಾನುವಾರ

ಬಂತು. ಮೊದಲ ರೌಂಡಿನಲ್ಲೇ. ಹಾಸನ.

ಇವರು ಕೂಗಲಿಲ್ಲ, ಕುಣಿಯಲಿಲ್ಲ. ಹೊರಗೆ ಹೋಗಿ ಎರಡೂ ಕಾರು ತೊಳೆದರು. ಮಳೆ ಬರುತ್ತಿತ್ತು, ಆದರೂ ತೊಳೆದರು. ಜಯದೇವಪ್ಪನವರು ಕಾಂಪೌಂಡಿನ ಆಚೆಯಿಂದ, ‘ಏನ್ ಮಧು, ಮಳೇಲಿ ಕಾರ್ ತೊಳೀತಿದ್ದೀಯ?’ ಎಂದಾಗ, ‘ಮಗಳಿಗೆ ಅಗ್ರಿ ಸೀಟಾಯ್ತು ಸಾರ್’ ಎಂದರು. ಅಗ್ರಿ ಎಂಬ ಮಾತನ್ನು ಇವರ ಬಾಯಲ್ಲಿ ಹೆಮ್ಮೆಯಿಂದ ಕೇಳಿದ್ದು ಇದೇ ಮೊದಲು.

ನಾನು ಮಧ್ಯಾಹ್ನ ಮಲಗಿದೆ. ಮೇ ತಿಂಗಳಿನಿಂದ ಇಂಥ ನಿದ್ದೆ ಬಂದಿರಲಿಲ್ಲ. ಎದ್ದಾಗ ಯಾವ ದಿನ ಎಂದೇ ತಿಳಿಯಲಿಲ್ಲ.

ಆಗಸ್ಟ್ 11, ಸೋಮವಾರ, ಬೆಳಿಗ್ಗೆ

ಹಾಸ್ಟೆಲಿಗೆ ಬಿಡುವ ದಿನ. ಓಮ್ನಿ ತುಂಬ ಹಾಸಿಗೆ, ಬಕೆಟ್, ಚಕ್ಕುಲಿ ಡಬ್ಬ. ಒಂದರಲ್ಲಿ ಎಲ್ಲರೂ ಹಿಡಿಸುವುದಿಲ್ಲ, ಆದ್ದರಿಂದ ಎರಡೂ ಕಾರು. ಮುಂದಿನ ಸೀಟು ತಮ್ಮದೇ ಎಂದು ಮಾವ ಮಾರುತಿಯಲ್ಲಿ ಕೂತಾಗಿದೆ. ಓಮ್ನಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎಲ್ಲರೂ ಅದನ್ನೇ ಅನುಮಾನದಿಂದ ನೋಡುತ್ತಿದ್ದಾರೆ.

ಅಳುತ್ತೇನೆ ಅಂದುಕೊಂಡಿದ್ದೆ. ಅಳು ಬರುತ್ತಿಲ್ಲ. ಹಾಸನ ಏನು ದೂರ? ಗಂಡಸಿಯ ಡ್ಯೂಟಿ ಮುಗಿಸಿ ಅದೇ ಬಸ್ಸಿನಲ್ಲಿ ಇನ್ನೊಂದಿಷ್ಟು ಮುಂದೆ ಹೋದರಾಯಿತು. ಶನಿವಾರಗಳಲ್ಲಿ ಸುಮ್ಮನೆ ಹೋಗಿ ನಿಲ್ಲಬಹುದು, ಏನು ಓದಿದೆ ಎಂದು ಕೇಳದೆ, ಏನು ತಿಂದೆ ಎಂದಷ್ಟೇ...

ದಿವ್ಯಾ ಹಾರ್ನ್ ಹೊಡೆಯುತ್ತಿದ್ದಾಳೆ. ‘ಅಮ್ಮ, ಬಂದ್ಯಾ ಇಲ್ವಾ? ತಾತ ಬೈತಿದ್ದಾರೆ.’ ಬಂದೆ ಬಂದೆ. ಚಪ್ಪಲಿ ಎಲ್ಲಿ—