ಅತ್ತೆ ಮಗನನ್ನು ಅಣ್ಣ ಅಂದದ್ದು

ಅಪ್ಪಾ,

ನೀನು ಹೋಗಿ ಎರಡು ವರ್ಷವಾದರೂ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಇದ್ದಾಗ ಜಗಳ ಮುಗಿಸಲಿಲ್ಲ, ಕಾಗದದಲ್ಲಾದರೂ ಮುಗಿಸೋಣ ಅಂತ ಕೂತಿದ್ದೇನೆ.

ಟ್ರಿನಿಡಾಡಿನಲ್ಲಿ ನನ್ನನ್ನು ಹಡಗು ಹತ್ತಿಸಿದ ದಿನ ನನಗೆ ಹತ್ತು ವರ್ಷ. ಕಬ್ಬಿನ ತೋಟದ ಕೂಲಿ ಲೈನಿನ ಸಾಲುಮನೆಯಲ್ಲಿ ಹುಟ್ಟಿದವಳು. ಇಂಡಿಯಾ ಅಂದರೆ ತಾತ ಹೇಳುತ್ತಿದ್ದ ಕಥೆ, ನಮ್ಮ ಮನೆಯ ಮುರುಕು ಕನ್ನಡ, ಅಷ್ಟೇ. "ಯಾಕಪ್ಪಾ ಹೋಗ್ತಿದ್ದೀವಿ?" ಅಂದರೆ "ಅಲ್ಲಿ ನನ್ನ ಅಕ್ಕ ಇದ್ದಾಳೆ" ಅಂದೆ ನೀನು. ತಾತ ಕೂಲಿಗೆಂದು ಹಡಗು ಹತ್ತುವಾಗ ನಿನ್ನೊಬ್ಬನನ್ನೇ ಎತ್ತಿಕೊಂಡು, ಅಕ್ಕನನ್ನು ಊರಲ್ಲೇ ನಿನ್ನ ಅಜ್ಜಿಯ ಹತ್ತಿರ ಬಿಟ್ಟು ಬಂದ ಸಂಕಟ ನನಗೂ ಗೊತ್ತು. ಆದರೆ ಆ ಅಕ್ಕನಿಗೆ ಕಾಗದದಲ್ಲಿ ಏನು ಮಾತು ಕೊಟ್ಟಿದ್ದೆ ಅಂತ ನನಗಾಗಲಿ ಅಮ್ಮನಿಗಾಗಲಿ ಯಾಕೆ ಹೇಳಲಿಲ್ಲ?

ಭದ್ರಾವತಿ ಸ್ಟೇಷನ್ನಿಗೆ ಬಂದಿದ್ದವನು ಹಾಲೇಶ, ಅತ್ತೆಯ ಮಗ. ನನ್ನ ಟ್ರಂಕನ್ನು ಹೆಗಲಿಗೇರಿಸಿಕೊಂಡ. ನಾನು ಮರ್ಯಾದೆಯಾಗಿ "ಥ್ಯಾಂಕ್ಯೂ ಅಣ್ಣಾ" ಅಂದೆ. ನೆಂಟರೆಲ್ಲ ಗೊಳ್ಳೆಂದು ನಕ್ಕರು. "ಅಯ್ಯೋ ಮಾರಾಯ್ತಿ, ಅವನು ನಿನ್ನ ಕಟ್ಕೊಳ್ಳೋ ಗಂಡು ಕಣೇ! ಅಣ್ಣ ಅಂತಾರಾ?" ಅಂತ ಅತ್ತೆ ನನ್ನ ಬಾಯಿ ಮುಚ್ಚಿದಳು. ನಮ್ಮ ಲೈನಿನಲ್ಲಿ ಅತ್ತೆ ಮಕ್ಕಳು, ಮಾವನ ಮಕ್ಕಳು ಎಲ್ಲರೂ ಒಡಹುಟ್ಟಿದವರೇ. ಅವರೊಳಗೆ ಮದುವೆ ಅಂದರೆ ಛೀ ಅನ್ನುತ್ತಿದ್ದರು. ಹಾಗೆ ಬೆಳೆಸಿದವನು ನೀನೇ ತಾನೇ? ಆಗಲಾದರೂ ಬಾಯಿ ಬಿಡಬೇಡವೇ? ತಲೆ ಬಗ್ಗಿಸಿ ಬೂಟು ನೋಡಿಕೊಂಡು ನಿಂತೆ, ಮಹಾನುಭಾವ!

ಕನ್ನಡ ಓದಲು ಬಾರದೆಂದು ಒಂದನೇ ಕ್ಲಾಸಿನ ಪುಟಾಣಿಗಳ ನಡುವೆ ಕೂರಿಸಿದರಲ್ಲ, ಅದನ್ನೂ ಸಹಿಸಿಕೊಂಡೆ. ನೀನು ಕೊಟ್ಟ ಈ ಮದುವೆಯ ಮಾತನ್ನು ಮಾತ್ರ ಸಹಿಸಲಾಗಲಿಲ್ಲ. ಬೇಕಂತಲೇ ಅಣ್ಣ ಅಂದೆ. ನೀರು ಕೊಡುವಾಗ ಅಣ್ಣ, ಹಾಲೇಶ ಕಾರ್ಖಾನೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರೆ ಬೀದಿಗೆಲ್ಲ ಕೇಳುವಂತೆ ಅಣ್ಣಾ! ಪಾಪ, ಅವನು ನಗುತ್ತಿದ್ದ. "ನನ್ನ ಮಾನ ತೆಗೀತೀಯಾ?" ಅಂತ ನೀನು ಹಾರಾಡುತ್ತಿದ್ದೆ.

ನಾನು ದೊಡ್ಡವಳಾದ ಮೇಲೆ ಎಲೆ ಅಡಿಕೆ ಬದಲಾಯಿಸಲು ಕೂತ ದಿನ ಎಲ್ಲರೆದುರು "ಒಲ್ಲೆ" ಅಂದೆನಲ್ಲ, ಅಂದೇ ಅತ್ತೆ ತಟ್ಟೆ ಬಿಟ್ಟು ಎದ್ದು ಹೋದಳು. "ಸಿಕ್ಕಿದ ಅಕ್ಕನನ್ನ ಮತ್ತೆ ಕಳಕೊಂಡೆ, ನಿನ್ನಿಂದ" ಅಂದೆ ನೀನು. ಆಮೇಲೆ ನನ್ನ ಜೊತೆ ಮಾತೇ ಇಲ್ಲ. ಹಾಲೇಶನಿಗೆ ಬೇರೆ ಹೆಣ್ಣು ತಂದರು. ನಾನು ಶಿವಮೊಗ್ಗದಲ್ಲಿ ಟೀಚರಾದೆ, ಜೊತೆಯ ಮೇಷ್ಟ್ರನ್ನೇ ಮದುವೆಯಾದೆ, ನೀನು ಬರಲಿಲ್ಲ. ನಾನೂ ನಿನ್ನ ಬಾಗಿಲಿಗೆ ಬಂದು ಒಂದು ಮಾತು ಕೇಳಬಹುದಿತ್ತು, ಆದರೆ ಹಟದಲ್ಲಿ ನಿನ್ನ ಮಗಳಲ್ಲವೇ... ನೀನು ಹೋದಾಗ, ನಿನ್ನನ್ನು ಹೊರಗೆ ಮಲಗಿಸಿದ ದಿನವೂ ಅತ್ತೆ ನನ್ನ ಮುಖ ನೋಡಲಿಲ್ಲ.

ಮೊನ್ನೆ ಗೌರಿ ಹಬ್ಬದ ಬೆಳಿಗ್ಗೆ ಬಾಗಿಲು ತೆಗೆದರೆ ಹಾಲೇಶ. ಕೈಯಲ್ಲಿ ಬಾಗಿನದ ಮೊರ! ತವರಿನಿಂದ ಯಾರೂ ತರುವವರಿಲ್ಲ ಅಂತ ಹಿಂದಿನ ದಿನವಷ್ಟೇ ಅತ್ತಿದ್ದೆ.

"ತಗೊಳ್ಳೇ. ಅವ್ವನೇ ತುಂಬಿ ಕಳ್ಸಿದ್ದು," ಅಂದ. "'ಇಷ್ಟು ವರ್ಷ ಅಣ್ಣ ಅಣ್ಣ ಅಂತ ಕೂಗಿದ್ದಾಳೆ, ಹೋಗಿ ಕೊಟ್ಟು ಬಾ' ಅಂದ್ಲು."

ಬರುವ ಭಾನುವಾರ ನಿನ್ನ ಅಕ್ಕ ನಮ್ಮ ಮನೆಗೆ ಊಟಕ್ಕೆ ಬರುತ್ತಾಳೆ. ಇನ್ನೆರಡು ವರ್ಷ ತಡೆಯೋಕೆ ಏನಾಗಿತ್ತಪ್ಪಾ ನಿನಗೆ?