ಎದೆಯ ಮೇಲಿಟ್ಟ ಅಂಗೈ

ಇಸ್ಫಹಾನ್, ಎಸ್ಫಂದ್ ತಿಂಗಳ ೮

ಪ್ರೀತಿಯ ಅಮ್ಮಾ,

ಮೊಣಕಾಲು ಹೇಗಿದೆ? ಕೆರ್ಮಾನಿನ ಒಣ ಹವೆ ನಿನಗೆ ಒಗ್ಗಿದೆ ಎಂದು ಅಣ್ಣ ಹೇಳುತ್ತಾನೆ, ತನ್ನ ಮನೆಯ ಮೆಟ್ಟಿಲುಗಳ ಮಾತು ಮಾತ್ರ ಎತ್ತುವುದಿಲ್ಲ. ಉಣ್ಣೆಯ ಪಟ್ಟಿ ಸುತ್ತಿಕೋ, ಅತ್ತಿಗೆಯ ಮುಂದೆ ನೋವೇ ಇಲ್ಲವೆಂದು ನಾಟಕ ಆಡಬೇಡ. ಇಲ್ಲಿ ನದಿಗೆ ನೀರು ಬಿಟ್ಟಿದ್ದಾರೆ. ಊರಿಗೆ ಊರೇ ಸೇತುವೆಯ ಮೇಲೆ ನಿಂತಿದೆ. ಇರಜ್ ಸೊರೂಶ್‌ನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿದ್ದ. ಏಳು ವರ್ಷದ ಮಗನನ್ನು ಹೊತ್ತು ಬಂದವನಿಗೆ ಈಗ ನಿನ್ನದೇ ಮೊಣಕಾಲು ನೋವು.

ಫೋನಿನಲ್ಲಿ ಟೋಪಿಯ ವಿಷಯ ಬಂದರೆ ನೀನು ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. "ಮಗು ತಲೆಗೆ ಕರೆಂಟ್ ಕೊಡಿಸ್ತೀಯಲ್ಲೇ, ನಿನ್ನ ತಲೇಲೇನು ಹೊಟ್ಟು ತುಂಬಿದೆಯಾ?" ಎಂದಿದ್ದೆ ನೀನು. ಅದೊಂದು ಬಟ್ಟೆಯ ಟೋಪಿ. ಒಳಗೆ ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜು, ಒಂದು ಸಣ್ಣ ಬ್ಯಾಟರಿ. ಮೊದಲು ನಾನೇ ಹಾಕಿಕೊಂಡು ನೋಡಿದೆ. ಹೊಸ ಉಣ್ಣೆಯ ಅಂಗಿ ಚುಚ್ಚಿದಂತಿತ್ತು, ಅಷ್ಟೇ. ಸೊರೂಶ್ ಟೋಪಿ ಹಾಕಿಕೊಂಡಿರುವಾಗಲೇ ಕ್ಲಿನಿಕ್ಕಿನ ಟೀಚರ್ ಫರಂಗೀಸ್ ಅವನೊಂದಿಗೆ ನೆಲದ ಮೇಲೆ ಕೂತು ಪಾಠ ಮಾಡುತ್ತಾಳೆ: ಕೇಳುವುದು, ಕಾಯುವುದು, ಅವನು ಉತ್ತರಿಸಿದ ಕೂಡಲೇ ಅವನಿಗೆ ಇಷ್ಟವಾದುದನ್ನು ಕೊಡುವುದು. ಕಲಿಯುವುದು ನೆಲದ ಮೇಲೆ, ಟೋಪಿ ಮಿದುಳನ್ನು ಸ್ವಲ್ಪ ಹದ ಮಾಡಬಹುದು, ಮಾಡದೆಯೂ ಇರಬಹುದು ಎಂದು ಡಾಕ್ಟರ್ ತವಕ್ಕೋಲಿ ಮೊದಲೇ ಹೇಳಿದ್ದರು. ಇದು ಇನ್ನೂ ಪ್ರಯೋಗ. ಅರ್ಧ ಮಕ್ಕಳಿಗೆ ಸಿಗುವುದು ಏನೂ ಮಾಡದ ಬರಿ ಟೋಪಿ. ಯಾರಿಗೆ ಯಾವುದೆಂದು ಕೊನೆಯವರೆಗೂ ಹೇಳುವುದಿಲ್ಲ. ನಾನು ಪರೀಕ್ಷೆಗೆ ಕೂರಿಸಿದ್ದು ಮಗನನ್ನೋ ನನ್ನ ಆಸೆಯನ್ನೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಇನ್ನೂ ಮಾತು ಬಾರದ ಅವನಿಗೆ ಫರಂಗೀಸ್ ಆರಿಸಿದ ಮೊದಲ ಪಾಠ ಮಾತಲ್ಲ, ಬೇಡ ಎನ್ನುವುದು. ಬೇಡವಾದಾಗ ಅವನು ಮಣಿಕಟ್ಟು ಕಚ್ಚಿಕೊಳ್ಳುತ್ತಿದ್ದನಲ್ಲ, ಅದರ ಬದಲು ಅಂಗೈಯನ್ನು ಎದೆಯ ಮೇಲಿಡಲು ಕಲಿಸಿದಳು. ಉಪಚಾರಕ್ಕೆ ಬೇಡವೆನ್ನುವಾಗ ಮನೆಯಲ್ಲಿ ಎಲ್ಲರೂ ಹಾಗೆ ಮಾಡುವುದನ್ನು ನೋಡಿರುತ್ತಾನೆ, ಬೇಗ ಬರುತ್ತದೆ ಎಂಬುದು ಅವಳ ಲೆಕ್ಕ. ಕ್ಲಿನಿಕ್ಕಿನಲ್ಲಿ ಬಂತು, ಮನೆಯಲ್ಲಿ ಬರಲಿಲ್ಲ. ಟೋಪಿ ಸರಿಯಿಲ್ಲ ಎಂದು ಇರಜ್ ಗೊಣಗಿದ. ಕಾರಣ ಗೊತ್ತಾದದ್ದು ಆ ಶುಕ್ರವಾರ, ಫರಂಗೀಸ್ ಊಟಕ್ಕೆ ಬಂದಾಗ. ನೀನು ಸೊಪ್ಪಿನ ಸಾರು ಬಡಿಸಿದೆ, ಸೊರೂಶ್ ಅಂಗೈಯನ್ನು ಎದೆಗಿಟ್ಟ. "ನೋಡ್ರೇ, ನನ್ನ ರಾಜಕುಮಾರ ಉಪಚಾರದ ಮಾತು ಕಲಿತುಬಿಟ್ಟ!" ಎಂದು ನಕ್ಕು ಇನ್ನೊಂದು ಸೌಟು ಹಾಕಿದೆ. ನಾನು ಅನ್ನ ಹಾಕಿದೆ. ಇರಜ್ ಮಾಂಸದ ತುಂಡು ಹಾಕಿದ. ಮಗು ಮಣಿಕಟ್ಟಿಗೆ ಬಾಯಿ ಹಾಕಿತು. ಫರಂಗೀಸ್ ಚಮಚ ಕೆಳಗಿಟ್ಟು, "ಅಲ್ಲ ಅಕ್ಕಾ, ಈ ಮನೇಲಿ ಯಾರಾದ್ರೂ ಬೇಡ ಅಂದ್ರೆ ಯಾರಾದ್ರೂ ನಂಬ್ತಾರಾ?" ಎಂದಳು. ಅವಳು ಬೇಡವೆಂದಿದ್ದ ಅನ್ನವೂ ಅವಳ ತಟ್ಟೆಯಲ್ಲಿ ಗುಡ್ಡೆಯಾಗಿತ್ತು. ನೀನು ಮತ್ತೆ ಸೌಟು ಎತ್ತಿದೆ, ನಾನು ನಿನ್ನ ಕೈ ಹಿಡಿದೆ. ಅತಿಥಿಯ ಎದುರಿಗೆ. ಮರುದಿನ ಬೆಳಿಗ್ಗೆ ನೀನು ಕೆರ್ಮಾನಿನ ಬಸ್ಸು ಹತ್ತಿದೆ. ಟೋಪಿಯ ಹೆಸರು ಹೇಳಿ ಹೋದೆ, ಆದರೆ ಹೋದದ್ದು ಆ ಸೌಟಿಗಾಗಿ ಎಂದು ನನಗೆ ಗೊತ್ತು. ಕೈ ಹಿಡಿದ ರೀತಿ ಒರಟಾಯಿತು. ಹಿಡಿದದ್ದು ತಪ್ಪೆಂದು ಮಾತ್ರ ಈಗಲೂ ಅನ್ನಿಸುವುದಿಲ್ಲ.

ಅಂದಿನಿಂದ ಈ ಮನೆಯಲ್ಲಿ ಉಪಚಾರದ ಒತ್ತಾಯವಿಲ್ಲ, ಒಂದೇ ಸಲ ಕೇಳುವುದು. ಮೇಲಿನ ಮಹಡಿಯ ಎಫ್ಫತ್ ಒಮ್ಮೆ ಚಹಾ ಬೇಡವೆಂದರು, ನಾವು ನಂಬಿದೆವು. "ಗಂಟಲು ಒಣಗಿ ಹೋಯ್ತು ಕಣ್ರೀ, ಇಂಥ ಮನೆ ಇಸ್ಫಹಾನಲ್ಲೇ ನೋಡಿಲ್ಲ" ಎಂದು ಕಟ್ಟಡಕ್ಕೆಲ್ಲ ಸಾರಿದ್ದಾರೆ. ನಗು ಬಂದರೆ ನಗು. ಆದರೆ ಸೊರೂಶ್ ಮನೆಯಲ್ಲೂ ಅಂಗೈ ಇಡತೊಡಗಿದ. ಮಣಿಕಟ್ಟಿನ ಗಾಯ ಒಣಗಿದೆ.

ಹೋದ ಸೋಮವಾರ ಕ್ಲಿನಿಕ್ಕಿನಲ್ಲಿ ಫರಂಗೀಸ್ ಟೋಪಿ ತಂದಳು. ಸೊರೂಶ್ ಅದನ್ನು ನೋಡಿ ಅಂಗೈಯನ್ನು ಎದೆಗಿಟ್ಟ. ಎಲ್ಲರೂ ನನ್ನ ಮುಖ ನೋಡಿದರು. ಟೋಪಿ ಬಿಟ್ಟರೆ ಪ್ರಯೋಗದಿಂದ ಹೊರಗೆ ಎಂದು ಡಾಕ್ಟರ್ ಮೆಲ್ಲಗೆ ನೆನಪಿಸಿದರು. ಇರಜ್ ಫೋನಿನಲ್ಲಿ, "ಇನ್ನೇನು ಮುಗೀತಾ ಬಂತು, ಹೇಗಾದ್ರೂ ಪುಸಲಾಯಿಸು" ಎಂದ. ನನಗೂ ನಾಲಿಗೆ ತುರಿಸಿತು ಅಮ್ಮಾ, ಇನ್ನೊಂದು ಸಲ ಕೇಳೋಣವೆಂದು. ಆದರೆ ಸಾರಿನ ವಿಷಯದಲ್ಲಿ ನಂಬುವ ಬೇಡವನ್ನು ಟೋಪಿಯ ವಿಷಯದಲ್ಲಿ ನಂಬದಿದ್ದರೆ ಅದು ಯಾವ ಬೇಡ? ಟೋಪಿ ತೆಗೆದಿಡಿ ಎಂದೆ. ಅವನು ಅಂಗೈ ಹಾಗೇ ಇಟ್ಟುಕೊಂಡು ತುಸು ಹೊತ್ತು ಕಾದ. ಯಾರೂ ಹತ್ತಿರ ಬರಲಿಲ್ಲ. ಆಮೇಲೆ ಮರದ ತುಂಡುಗಳ ಡಬ್ಬಿಯನ್ನು ತಾನೇ ಎಳೆದು ತಂದು ಫರಂಗೀಸಳ ಮಡಿಲಿಗಿಟ್ಟ. ಟೋಪಿ ಬೇಡ, ಪಾಠ ಬೇಕು. ಪ್ರಯೋಗದಿಂದ ಹೊರಬಿದ್ದೆವು, ಪಾಠ ನಡೆದಿದೆ. ಅವನಿಗೆ ಸಿಕ್ಕಿದ್ದು ಕರೆಂಟಿನ ಟೋಪಿಯೋ ಬರಿ ಟೋಪಿಯೋ, ಗುಣ ಕೊಟ್ಟದ್ದು ಟೋಪಿಯೋ ನಾವು ಕೆಳಗಿಟ್ಟ ಸೌಟೋ, ತಿಳಿಯದು. ಬೇರೆ ಮಕ್ಕಳಿಗೆ ಅದರಿಂದ ಒಳ್ಳೆಯದಾದರೆ ಸಂತೋಷವೇ. ನನ್ನ ಮಗ ಕಲಿತದ್ದು ಅವನದೇ, ಅಷ್ಟು ಖಚಿತ.

ಅಣ್ಣ ಅತ್ತಿಗೆಗೆ ನೆನಪು ತಿಳಿಸು. ಸೊರೂಶ್‌ನ ಪರವಾಗಿ ನಿನ್ನ ಕೈಗೆ ಮುತ್ತು.

ನಿನ್ನ ಮಗಳು,
ಮಹ್ರುಖ್

ಅಂಚೆಗೆ ಹೊತ್ತಾಯಿತು, ಒಂದೇ ಮಾತು. ನೌರೂಜ್ ಹೊಸವರ್ಷದ ಹಬ್ಬಕ್ಕೆ ಬಾ ಎಂದರೆ ನೀನು ಫೋನಿನಲ್ಲಿ, "ಬೇಡಮ್ಮ, ನಿಮಗ್ಯಾಕೆ ತೊಂದ್ರೆ" ಎಂದೆ. ನಾನು ಮತ್ತೆ ಕೇಳಲಿಲ್ಲ. ನೀನು ಫೋನ್ ಇಡದೆ ಕಾಯುತ್ತಿದ್ದುದು ಆಮೇಲೆ ಹೊಳೆಯಿತು. ಕಾಗದದಲ್ಲಿ ಕೇಳುವುದು ಇದೇ ಮೊದಲು, ಹಾಗಾಗಿ ಮನೆಯ ನಿಯಮ ಮುರಿದಂತಾಗಲಿಲ್ಲ: ಬರ್ತೀಯಾ ಅಮ್ಮಾ? ಬಾಗಿಲಲ್ಲಿ ನೀನು ತೋಳು ಚಾಚಿದಾಗ ಅವನು ಅಂಗೈಯನ್ನು ಎದೆಗಿಟ್ಟರೆ ಅಲ್ಲೇ ನಿಲ್ಲಬೇಕು, ಅಷ್ಟೇ. ಯೋಚಿಸಿ ಉತ್ತರ ಕೊಡು. ಈ ಸಲ ಬೇಡ ಅಂದರೆ ನಾನು ನಂಬಿಬಿಡುತ್ತೇನೆ.