ನಾಲ್ಕು ಗಂಟೆಗೊಮ್ಮೆ ಸ್ವರಾಜ್ಯ

ದಾವಣಗೆರೆ
ಕ್ರಿಸ್ತಶಕ ೨೩೯೧, ಫೆಬ್ರವರಿ ಮೂವತ್ತು

ಗತಕಾಲದ ಮಾನ್ಯ ಮಹನೀಯರೇ, ಮಹಿಳೆಯರೇ, ಬಸ್ಸು ಹತ್ತುವ ಮುನ್ನ ಎರಡು ಸಲ, ಹತ್ತಿದ ಮೇಲೆ ಒಂದು ಸಲ ಶೌಚಾಲಯದ ದಾರಿ ಕೇಳುವ ಸಮಸ್ತ ಬಂಧುಗಳೇ, ವಿಶೇಷವಾಗಿ ನರರೋಗ ವಿಭಾಗದ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ತಡೆದು ಕುಳಿತಿರುವವರೇ,

ಅಖಿಲ ಕರ್ನಾಟಕ ತೆರವು ಮಹಾಮಂಡಳದ ಇತಿಹಾಸ ಶಾಖೆಯಿಂದ ನಿಮಗೆಲ್ಲ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆ ಎಂದು ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ದೊಡ್ಡ ಹೋರಾಟ ನಡೆದು ಎರಡು ದಿನ ಮಂಜೂರಾದವು. ನಮ್ಮ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ಮೂರೂವರೆ ಶತಮಾನದಲ್ಲಿ ಕನ್ನಡ ಎಲ್ಲೆಲ್ಲಿಗೋ ಹೋಗಿ ಬಂದಿದೆ. ಪ್ರಾಸದ ಚಟ ಮಾತ್ರ ಬಿಟ್ಟಿಲ್ಲ.

'ತೆರವು' ಎಂಬುದು ನಿಮ್ಮಲ್ಲಿ ತಹಶೀಲ್ದಾರರು ಜೆಸಿಬಿ ತಂದು ಮಾಡುತ್ತಿದ್ದ ಕೆಲಸ. ನಮ್ಮಲ್ಲಿ, ತಾನಾಗಿ ಪೂರ್ತಿ ಖಾಲಿಯಾಗದ ಮೂತ್ರಕೋಶವನ್ನು ಗೇಣುದ್ದದ ತೆಳು ನಳಿಕೆ ಹಾಕಿ, ತನ್ನ ಕೈಯಾರೆ ಖಾಲಿ ಮಾಡಿ, ನಳಿಕೆ ತೆಗೆದು, ಮತ್ತೆ ತನ್ನ ಕೆಲಸಕ್ಕೆ ಹೊರಡುವುದು. ನೀವು ಕ್ಯಾತೆಟರ್ ಎಂದು ಪಿಸುಗುಟ್ಟುತ್ತಿದ್ದುದು ಇದನ್ನೇ. ನಾವು ಪಿಸುಗುಟ್ಟುವುದಿಲ್ಲ. ಒಂದು ತೆರವಿನಿಂದ ಇನ್ನೊಂದು ತೆರವಿನವರೆಗಿನ ಅವಧಿಗೆ 'ನಾಲ್ಗಂಟೆ' ಎಂದು ಹೆಸರು. ದಾವಣಗೆರೆಯಿಂದ ಹುಬ್ಬಳ್ಳಿ ಮುಕ್ಕಾಲು ನಾಲ್ಗಂಟೆ ದೂರ, ಸಾಧಾರಣ ಮದುವೆ ಒಂದೂವರೆ ನಾಲ್ಗಂಟೆ. ಬೆಳಿಗ್ಗೆ ಎದುರು ಸಿಕ್ಕವರನ್ನು ನೀವು ತಿಂಡಿ ಆಯ್ತಾ ಎಂದು ಕೇಳುವ ಹಾಗೆ ನಾವು ತೆರವಾಯ್ತಾ ಎಂದು ಕೇಳುತ್ತೇವೆ. ನಿಜವಾದ ಉತ್ತರ ಯಾರಿಗೂ ಬೇಕಿರುವುದಿಲ್ಲ, ನಿಮ್ಮಲ್ಲಿದ್ದ ಹಾಗೆಯೇ. ಪ್ರತಿ ಬಸ್ ನಿಲ್ದಾಣದಲ್ಲೂ ಒಂದು ತೆರವುಕೋಣೆ ಇದೆ. ಅದರಲ್ಲಿ ಕೈ ತೊಳೆಯುವ ಬೇಸಿನ್ನು, ಪಕ್ಕದಲ್ಲಿ ನಿಜವಾಗಿಯೂ ಸೋಪು, ಚೀಲಕ್ಕೊಂದು ಕೊಕ್ಕೆ, ಸೆರಗಿಗೊಂದು ಕೊಕ್ಕೆ, ಮಂಡಿಯ ಎತ್ತರಕ್ಕೆ ಒಂದು ಕನ್ನಡಿ. ಬಾಗಿಲಿಗೆ ಚಿಲಕವಿದೆ, ಅದು ಬೀಳುತ್ತದೆ. ಸರಿಯಾಗಿ ಬೀಳುವ ಚಿಲಕವನ್ನು ಕಂಡುಹಿಡಿಯಲು ಮನುಷ್ಯಕುಲ ಚಂದ್ರನ ಮೇಲೆ ಮನೆ ಕಟ್ಟಿದ ಮೇಲೂ ನೂರು ವರ್ಷ ತೆಗೆದುಕೊಂಡಿತು. ಮೂರನೆಯ ತರಗತಿಯ ಮಕ್ಕಳು ಪ್ರಾರ್ಥನೆಯ ನಂತರ ಒಕ್ಕೊರಲಿನಿಂದ ಹೇಳುವ ಪದ್ಯ ಹೀಗಿದೆ:

ಕೈಗೆ ಸೋಪು, ಎದುರಿಗೆ ಕನ್ನಡಿ,
ನಾಚಿಕೆಗೆ ಬೇಡ ಉದ್ದದ ಮುನ್ನುಡಿ;
ನೂಕಲೂ ಬೇಡ, ನಡುಗಲೂ ಬೇಡ,
ಸಿಗದಿದ್ದರೆ ನಿನ್ನನೇ ಬೈಯಬೇಡ.

ಇಷ್ಟಕ್ಕೆಲ್ಲ ಮೂಲ ಯಾರು ಎಂಬುದು ನಮ್ಮ ಪಠ್ಯಪುಸ್ತಕದ ಏಳನೆಯ ಪಾಠ. ನಿಮ್ಮ ಕಾಲದಲ್ಲಿ ಇದೇ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಸರ್ವಮಂಗಳಾ ಎಂಬ ಹೆಂಗಸು ಇದ್ದಳು. ವಯಸ್ಸು ನಲವತ್ತಾರು, ಕನ್ನಡ ಮಾಧ್ಯಮದ ಬಿ.ಎ., ವೃತ್ತಿಯಿಂದ ಸಭೆ ಸಮಾರಂಭಗಳ ನಿರೂಪಕಿ. ಮುಖ್ಯ ಅತಿಥಿ ತಡವಾದರೆ ಮುಕ್ಕಾಲು ಗಂಟೆ ಬರೀ ಪ್ರಾಸದಲ್ಲೇ ಸಭೆಯನ್ನು ಹಿಡಿದಿಡಬಲ್ಲವಳು. ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಬಂತು. ಗಂಡ ಚನ್ನವೀರಪ್ಪನಿಗೆ ಮೋಟಾರು ರಿವೈಂಡಿಂಗ್ ಅಂಗಡಿ. ಡಾಕ್ಟರು ಅರ್ಧ ಗಂಟೆ ವಿವರಿಸಿದ್ದನ್ನು ಅವನು ಒಂದೇ ಮಾತಿನಲ್ಲಿ ಮುಗಿಸಿದ: ತಂತಿ ಸರಿಯಿದೆ, ಮೇಲಿನ ಹೊದಿಕೆ ಅಲ್ಲಲ್ಲಿ ಎದ್ದಿದೆ, ಕರೆಂಟು ಸೋರುತ್ತಿದೆ. ಸೋರುತ್ತಿದ್ದದ್ದು ಕರೆಂಟೊಂದೇ ಆಗಿದ್ದರೆ ಈ ಪಾಠವೇ ಇರುತ್ತಿರಲಿಲ್ಲ. ಒಂದು ರಾಜ್ಯೋತ್ಸವದ ವೇದಿಕೆಯ ಮೇಲೆ, ವಂದನಾರ್ಪಣೆಗೆ ಹೆಸರು ಕರೆಯುವ ಹೊತ್ತಿನಲ್ಲಿ, ಅವಳ ಸೀರೆ ಒದ್ದೆಯಾಯಿತು. ಹೂಗುಚ್ಛದ ತಟ್ಟೆಯನ್ನು ಅಡ್ಡ ಹಿಡಿದುಕೊಂಡು ಹಿಂದಕ್ಕೆ ಹಿಂದಕ್ಕೆ ನಡೆದು ಇಳಿದವಳು ಎರಡು ವರ್ಷ ಮೈಕು ಮುಟ್ಟಲಿಲ್ಲ. ಕರೆಯಲು ಬಂದವರಿಗೆ ಗಂಟಲು ಕೆಟ್ಟಿದೆ ಎಂದಳು. ನೀರು ಕುಡಿಯುವುದನ್ನೇ ಬಿಟ್ಟಳು. ಸೋಂಕಾಗಿ ಮೂರು ಸಲ ಜ್ವರ ಬಂತು. ಕೊನೆಗೆ ಸ್ಕ್ಯಾನ್ ಮಾಡಿದರೆ, ಹೋಗಿ ಬಂದ ಮೇಲೂ ಒಳಗೆ ಮುನ್ನೂರೈವತ್ತು ಎಂ.ಎಲ್. ಹಾಗೇ ಉಳಿದಿತ್ತು. ನಳಿಕೆಯಿಂದ ನೀವೇ ತೆಗೆಯಲು ಕಲಿಯಿರಿ ಎಂದರು ಡಾಕ್ಟರು. ಅವಳು ಕೇಳಿದ್ದು ಒಂದೇ ಪ್ರಶ್ನೆ: ಕಲಿತರೆ ವೇದಿಕೆಯ ಮೇಲೆ ನಿಲ್ಲಬಹುದೇ? ಅದು ನಿಮ್ಮ ಕೈಯಲ್ಲಿದೆ ಎಂದು ಅವರು ಅಕ್ಷರಶಃ ನಿಜ ಹೇಳಿದರು.

ಕಲಿಸಿದವರು ಆಸ್ಪತ್ರೆಯ ನರ್ಸು, ಹರಿಹರದ ಜುಬೇದಾ ಸಿಸ್ಟರ್. ಒಂದು ಪರದೆ, ಒಂದು ಕನ್ನಡಿ, ಜೆಲ್ಲಿಯ ಟ್ಯೂಬು, ನಳಿಕೆಗಳ ಪ್ಯಾಕೆಟ್ಟು, ಅಳತೆಯ ಮಗ್ಗು. ನಲವತ್ತಾರು ವರ್ಷ ತನ್ನದೆಂದು ಹೊತ್ತು ತಿರುಗಿದ ದೇಹದ ಭೂಗೋಳ ತನಗೆ ಗೊತ್ತೇ ಇಲ್ಲವೆಂದು ಸರ್ವಮಂಗಳೆಗೆ ಆ ದಿನ ತಿಳಿಯಿತು. ಬಿ.ಎ.ಯಲ್ಲಿ ಅದು ಐಚ್ಛಿಕ ವಿಷಯವಾಗಿಯೂ ಇರಲಿಲ್ಲ. ಮೊದಲ ನಳಿಕೆ ತಪ್ಪು ದಾರಿ ಹಿಡಿಯಿತು. ಅವಳು ನಾಚಿ ಕಿತ್ತುಕೊಳ್ಳಲು ಹೋದಾಗ ಸಿಸ್ಟರ್ ಕೈ ತಡೆದರು. "ಅದು ಅಲ್ಲೇ ಇರ್ಲಿ ಅಕ್ಕಾ, ಗುರುತಿಗೆ. ಆ ಮನೆ ಅಲ್ಲ ಅಂತ ಗೊತ್ತಾಯ್ತಲ್ಲ, ಇನ್ನೊಂದು ತಗೊಂಡು ಮೇಲಿನ ಮನೆ ನೋಡ್ರಿ." ಐದನೆಯ ಪ್ರಯತ್ನಕ್ಕೆ ಮಗ್ಗಿನೊಳಗೆ ಸದ್ದಾಯಿತು. ನಾನೂರ ಹತ್ತು. ಶಾಲೆಯಲ್ಲಿ ಯಾವ ವಿಷಯದಲ್ಲೂ ಅಷ್ಟು ಅಂಕ ಬಂದಿರಲಿಲ್ಲ.

ಆದರೆ ಮನೆಯಲ್ಲಿ ಒಂದು ವಾರ ಕಳೆಯುವಷ್ಟರಲ್ಲಿ ಕಾಲು ಸೋತವು. ತೆರವು ಮುಗಿಸಿ ಎದ್ದರೆ ಮಂಡಿ ನಡುಗುವುದು, ಕಣ್ಣು ಮಂಜಾಗುವುದು, ಗೋಡೆ ಹಿಡಿಯದೆ ಮಂಚ ಸೇರಲಾಗದು. ನಳಿಕೆಯಿಂದಲೇ ಕಾಯಿಲೆ ಕೆರಳಿತು ಎಂದು ಅವಳು ತೀರ್ಮಾನಿಸಿದಳು. ನಳಿಕೆ ಕಲಿತ ಧೈರ್ಯದಲ್ಲಿ ನವೆಂಬರ್ ಒಂದರ ರಾಜ್ಯೋತ್ಸವದ ನಿರೂಪಣೆಗೆ ಒಪ್ಪಿಕೊಂಡಿದ್ದಳು; ಈಗ ಬೇರೆಯವರನ್ನು ನೋಡಿಕೊಳ್ಳಿ ಎಂದು ಫೋನು ಮಾಡಲು ನಂಬರು ತೆಗೆದಿಟ್ಟಳು. ಅದಕ್ಕೂ ಮೊದಲು ಉಳಿದ ಪ್ಯಾಕೆಟ್ಟುಗಳನ್ನು ವಾಪಸು ಕೊಡಲು ಗಂಡನ ಸ್ಕೂಟರಿನಲ್ಲಿ ಆಸ್ಪತ್ರೆಗೆ ಹೋದಳು. ಅವಳು ಕಾಲಿನ ಕಥೆ ಹೇಳುತ್ತಿದ್ದರೆ ಚನ್ನವೀರಪ್ಪ ಪಕ್ಕದಲ್ಲಿ ನಿಂತು ತನ್ನದೇ ಅಹವಾಲು ಶುರುಮಾಡಿದ: "ದಿನಕ್ಕೆ ಐದ್ ಸಲ ಗೀಸರ್ ಹಾಕ್ತಾಳ್ರೀ ಸಿಸ್ಟರ್. ಅದು ಮನೆನೋ ಲಾಡ್ಜೋ ನನಗಂತೂ ತಿಳೀವಲ್ದು."

ಸಿಸ್ಟರ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ವಿಚಾರಿಸಿದಾಗ ಹೊರಬಿದ್ದದ್ದು ಇಷ್ಟು. ಶುದ್ಧವಾಗಿ ಮಾಡಬೇಕು ಎಂದದ್ದನ್ನು ಸರ್ವಮಂಗಳಾ, ಹುಟ್ಟಿದಾಗಿನಿಂದ ತಿಳಿದಿದ್ದ ಶುದ್ಧದ ಲೆಕ್ಕದಲ್ಲೇ ಹಿಡಿದಿದ್ದಳು. ಪ್ರತಿ ಸಲವೂ ಮುನ್ನ ತಲೆಯ ಮೇಲಿಂದ ಬಿಸಿನೀರು ಸುರಿದುಕೊಂಡು, ಒಗೆದ ಬಟ್ಟೆ ಉಟ್ಟು, ಆಮೇಲೆ ನಳಿಕೆ ಮುಟ್ಟುತ್ತಿದ್ದಳು. ದಿನಕ್ಕೆ ಐದು ತೆರವು, ಐದು ಅಭ್ಯಂಜನ. ಈ ಕಾಯಿಲೆಗೆ ಮೈ ಬಿಸಿಯಾಗುವುದು ಆಗದು, ಬಿಸಿನೀರಿಗೆ ನರ ಸೋಲುತ್ತವೆ.

"ಕೈ ತೊಳ್ಕೊಳ್ರಿ ಅಂದಿದ್ದೆ ಅಕ್ಕಾ. ಮಡಿ ಆಗ್ರಿ ಅಂದಿರ್ಲಿಲ್ಲ."

ನಳಿಕೆ ನಿರಪರಾಧಿ ಎಂದು ಸಾಬೀತಾಯಿತು. ಸೋಪು, ಎರಡು ಕೈ, ಮುಂದಿನಿಂದ ಹಿಂದಕ್ಕೆ ಒಂದು ಸಲ ಒರೆಸುವುದು, ಅಷ್ಟೇ ಶುದ್ಧ. ನಾಲ್ಕನೆಯ ದಿನ ಅವಳು ಗೋಡೆ ಬಿಟ್ಟು ನಡೆದಳು. ಇಪ್ಪತ್ತನೆಯ ದಿನ ಕನ್ನಡಿ ಬಿಟ್ಟು ಬರೀ ಬೆರಳಿನ ಅಂದಾಜಿನಲ್ಲಿ ಮುಗಿಸಿ, ಸ್ನಾನದಮನೆಯಿಂದ ಹೊರಗೆ ಬಂದು ಗಂಡನ ಮುಂದೆ ಸ್ವರಚಿತ ಚೌಪದಿಯೊಂದನ್ನು ಓದಿದಳು. ಅದು ಉಳಿದುಬಂದಿಲ್ಲ, ಉಳಿಯುವಂಥದ್ದೂ ಆಗಿರಲಿಲ್ಲ.

ನವೆಂಬರ್ ಒಂದು ಬಂತು. ಹೈಸ್ಕೂಲ್ ಮೈದಾನ, ಒಂಬತ್ತೂವರೆಗೆ ಆರಂಭ, ಅಂದರೆ ಹತ್ತೂಮುಕ್ಕಾಲು. ಅವಳು ಎಲ್ಲರೆದುರು ಒಂದು ಲೋಟ ನೀರು ಪೂರ್ತಿ ಕುಡಿದು ಮೈಕಿನ ಮುಂದೆ ನಿಂತಳು. ಹನ್ನೆರಡು ಗಂಟೆಗೆ ಮುಖ್ಯ ಅತಿಥಿಗಳನ್ನು ಭಾಷಣಕ್ಕೆ ಆಹ್ವಾನಿಸಿ, ಕೈಚೀಲ ಹಿಡಿದು, ಶಾಲೆಯ ಹಿಂದಿನ ಚಿಲಕವಿಲ್ಲದ ಶೌಚಾಲಯಕ್ಕೆ ಹೋದಳು. ಬಾಗಿಲಿಗೆ ಬೆನ್ನು ಕೊಟ್ಟು ನಿಂತದ್ದು ಚನ್ನವೀರಪ್ಪ. ಏಳು ನಿಮಿಷ. ಅವಳು ತಿರುಗಿ ಬಂದಾಗ ಅತಿಥಿಗಳು ಇನ್ನೂ ವೇದಿಕೆಯ ಮೇಲಿನ ಗಣ್ಯರ ಹೆಸರು ಹೇಳುತ್ತಿದ್ದರು. ಮಧ್ಯಾಹ್ನ ಎರಡಕ್ಕೆ, ಇಸ್ತ್ರಿ ಮುರಿಯದ ಸೀರೆಯಲ್ಲಿ, ಅವಳು ವಂದನಾರ್ಪಣೆಗೆ ಹೆಸರು ಕರೆದಳು. ವಂದನೆ ಮುಗಿಯುವವರೆಗೂ ವೇದಿಕೆಯ ಮೇಲೆಯೇ ನಿಂತಿದ್ದಳು. ಚಪ್ಪಾಳೆ ಬಿದ್ದದ್ದು ವಂದಿಸಿದವರಿಗೆ. ತನ್ನದೆಂದು ತೆಗೆದುಕೊಂಡದ್ದು ಅವಳು.

ನಮ್ಮ ಶತಮಾನದಲ್ಲಿ ಆ ದಿನಕ್ಕೆ ಸರ್ಕಾರಿ ರಜೆ ಇದೆ. ಮೆರವಣಿಗೆ ಇದೆ, ಕಂಚಿನ ಪ್ರತಿಮೆ ಇದೆ, ಪ್ರತಿಮೆಯ ಕೈಯಲ್ಲಿ

ಇಲ್ಲ, ಸಾಕು. ಜುಬೇದಾ ಸಿಸ್ಟರ್ ಹೇಳಿದರು, ನಿನ್ನೆ ನೀವು ಪರದೆಯ ಹಿಂದೆ ಕುಳಿತವರು ಪ್ಯಾಕೆಟ್ಟು ಒಡೆಯದೆಯೇ ಎದ್ದು ಹೋದಿರಂತೆ, ಇನ್ನು ನನ್ನ ಜೀವನ ಮುಗಿಯಿತು ಎಂದಿರಂತೆ. ನಿಮ್ಮ ಹೆಸರು ಅವರು ಹೇಳಲಿಲ್ಲ, ಏನಾದರೂ ಬರೆದುಕೊಡಿ ಎಂದರು. ನನಗೆ ನೇರವಾಗಿ ಬರೆಯಲು ಧೈರ್ಯ ಸಾಲದೆ ಇಷ್ಟು ಶತಮಾನ ಸುತ್ತಿದೆ. ೨೩೯೧ ಇಲ್ಲ, ಮಹಾಮಂಡಳವೂ ಇಲ್ಲ. ಇವತ್ತು ನವೆಂಬರ್ ನಾಲ್ಕು, ನಾನೇ ಸರ್ವಮಂಗಳಾ. ನಿಮಗಿಂತ ಮೂರು ತಿಂಗಳು ಮುಂದಿದ್ದೇನೆ, ಅಷ್ಟೇ.